ಕಾಡತೂಸಿನ ಕಥೆ ಎಲ್ಲರಿಗೂ ಗೊತ್ತು, ಕೇಪಿನ ಕಥೆ?

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ಗಜೇಂದ್ರಗಡದ ಹತ್ತಿರದ ಹಳ್ಳಿಯ ಕೇಳುಗರೊಬ್ಬರು ಕಳಿಸಿದ್ದು. ಹಿಂದೆ ಟ್ರ್ಯಾಕ್ಟರ್ ಸದ್ದು, ನಡುವೆ ಯಾರೋ ಕರೆಯೋದು, ಅದರ ಮಧ್ಯೆ ಇವರ ಪ್ರಶ್ನೆ.

"ಅಣ್ಣಾರ, ನಮ್ಮ ಅಪ್ಪಾರ ಹೆಸರಿಗೆ ಲೈಸೆನ್ಸ್ ಇರೋ ಒಂದು ಹಳೇ ಬಂದೂಕು ಐತ್ರಿ. ಮುತ್ಯಾನ ಕಾಲದ್ದು. ಬಾಯಿಂದ ಮದ್ದು ತುಂಬೋದು. ಹ್ವಾದ ವರ್ಷ ಹೊಸಾ ಕೇಪಿನ ಡಬ್ಬಿ ತಂದಾರ, ಕೇಪು ಪೂರ್ತಿ ಕೂಡವಲ್ದು. ನಂಬರ್ ಮೊದಲಿಂದು ಅದೇ ಐತಿ. ಯಾಕ್ರಿ ಹಂಗ?"

ನಾನು ಬಂದೂಕು ರಿಪೇರಿ ಮಾಡೋನಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಯಾಕಂದ್ರೆ ಅವರು ಕೂತಿರೋದು ಗಜೇಂದ್ರಗಡದಲ್ಲಿ. ಅಲ್ಲಿಂದ ರೋಣ ದಾಟಿ ಇನ್ನಷ್ಟು ಮುಂದೆ ಹೋದರೆ ಎರೆ ಹೊಲದ ನಡುವೆ ಒಂಟಿಯಾಗಿ ಎದ್ದು ನಿಂತ ಗುಡ್ಡ ಕಾಣುತ್ತೆ. ಅದು ನರಗುಂದ. 1858ರ ಮೇ ಕೊನೆಯ ವಾರದಲ್ಲಿ ಈ ಸೀಮೆಯಲ್ಲಿ ಏನಾಯಿತು ಅಂತ ಶಾಲೆಯಲ್ಲಿ ಓದಿದ್ದೇವೆ. ಬಾಬಾಸಾಹೇಬ, ಮ್ಯಾನ್ಸನ್, ಬಂಡಾಯ, ಗಲ್ಲು. ಆದರೆ ಆ ಕಥೆಯೊಳಗೆ, ಹೆಸರುಕಾಳಿನ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತಾಮ್ರದ ಟೋಪಿಯೂ ಇದೆ. ಅದರ ಬಗ್ಗೆ ಯಾರೂ ಹೇಳೋದಿಲ್ಲ. 1857 ಅಂದ ಕೂಡಲೇ ಹಂದಿ ಕೊಬ್ಬು, ದನದ ಕೊಬ್ಬು, ಕಾಡತೂಸು. ಕಾಡತೂಸು ಹಲ್ಲಿಂದ ಹರಿದು, ಮದ್ದು ಸುರಿದು, ಗುಂಡು ಜಡಿದ ಮೇಲೆ ಸಿಪಾಯಿ ಸೊಂಟದ ಚೀಲದಿಂದ ತೆಗೆಯುತ್ತಿದ್ದ ಕೊನೆಯ ವಸ್ತು ಯಾವುದು? ಅದೇ ಕೇಪು.

ಮೊದಲು ಅದು ಹೇಗೆ ಕೆಲಸ ಮಾಡುತ್ತೆ ನೋಡೋಣ, ಇಲ್ಲಾಂದ್ರೆ ಮುಂದಿನದು ತಿಳಿಯೋದಿಲ್ಲ.

ಬಂದೂಕಿನ ನಳಿಗೆಯ ಹಿಂಭಾಗ ಮುಚ್ಚಿರುತ್ತೆ. ಮದ್ದು, ಗುಂಡು ಎರಡೂ ಮುಂದಿನ ಬಾಯಿಂದಲೇ ಒಳಗೆ ಹೋಗಬೇಕು. ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸೋದು ಹೇಗೆ? ಹಿಂದೆ ಒಂದು ಸಣ್ಣ ತೂತು. ಬಂದೂಕಿನ ಇಡೀ ಇತಿಹಾಸ ಅಂದ್ರೆ ಆ ತೂತಿಗೆ ಬೆಂಕಿ ತಲುಪಿಸುವ ಇತಿಹಾಸ ಅಂದರೂ ತಪ್ಪಿಲ್ಲ. ಬತ್ತಿ ಬಂದೂಕಿನಲ್ಲಿ, ಹೊಗೆಯಾಡುತ್ತಾ ಇರುವ ಹತ್ತಿಯ ಹುರಿಯೊಂದು ಬಾಗಿ ಬಂದು ತೂತಿನ ಪಕ್ಕದ ಬಟ್ಟಲಲ್ಲಿದ್ದ ರಂಜಕಕ್ಕೆ, ಅಂದರೆ ನುಣ್ಣನೆಯ ಮದ್ದಿಗೆ, ಮುಟ್ಟುತ್ತೆ. ಚಕಮಕಿ ಬಂದೂಕಿನಲ್ಲಿ ಹುರಿ ಇಲ್ಲ. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬೀಳುತ್ತೆ. ಕೇಪಿನ ಬಂದೂಕಿನಲ್ಲಿ ಬಟ್ಟಲೂ ಇಲ್ಲ, ಕಲ್ಲೂ ಇಲ್ಲ. ತೂತಿನ ಜಾಗದಲ್ಲಿ ಉಕ್ಕಿನ ಒಂದು ಸಣ್ಣ ಕೊಳವೆ ತಿರುಪಿನಿಂದ ಕೂತಿರುತ್ತೆ. ಅದಕ್ಕೆ ಇಂಗ್ಲಿಷಿನಲ್ಲಿ ನಿಪ್ಪಲ್ ಅಂತಾರೆ. ನಗಬೇಡಿ, ಆಕಾರ ನೋಡಿದರೆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತೆ. ನಾವು ತೊಟ್ಟು ಅಂತ ಕರೆಯೋಣ. ಈ ತೊಟ್ಟಿನ ಮೇಲೆ ಕೇಪು, ತಲೆಗೆ ಟೋಪಿ ಹಾಕಿದ ಹಾಗೆ. ಕೇಪಿನ ಒಳಗೆ, ತಳದಲ್ಲಿ, ಪೆಟ್ಟು ಬಿದ್ದರೆ ಸಾಕು ಸಿಡಿಯುವಂಥ ಸ್ಫೋಟಕದ ಚುಕ್ಕೆ. ಮೇಲಿಂದ ಬಂದೂಕಿನ ಕುದುರೆ ಬಡಿದರೆ ಕೇಪು ಸಿಡಿದು, ಬೆಂಕಿ ತೊಟ್ಟಿನ ತೂತಿನೊಳಗೆ ಇಳಿದು ಮದ್ದು ಹೊತ್ತುತ್ತೆ.

ಮಲೆನಾಡಿನ ಕಡೆ ಇದನ್ನೇ ಕೇಪಿನ ಕೋವಿ ಅನ್ನೋದು. ತೇಜಸ್ವಿಯವರನ್ನು ಓದಿದವರಿಗೆ ಕೇಪು, ಈಡು ಹೊಸ ಪದಗಳಲ್ಲ. ಚುನಾವಣೆ ಬಂದಾಗ "ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ" ಅಂತ ಆದೇಶ ಬರುತ್ತಲ್ಲ, ಆಗ ಪಟ್ಟಿಗಳಲ್ಲಿ ಎಸ್‌ಬಿಎಂಎಲ್ ಅಂತ ಇರುತ್ತೆ. ಸಿಂಗಲ್ ಬ್ಯಾರಲ್ ಮಝಲ್ ಲೋಡಿಂಗ್. ಒಂಟಿ ನಳಿಗೆ, ಬಾಯಿಂದ ತುಂಬೋದು. ಇದೇ ಜಾತಿ.

ಈಗ ನಮ್ಮ ಕೇಳುಗರ ಕಷ್ಟಕ್ಕೆ ಬರೋಣ. ಕೇಪಿಗೂ ತೊಟ್ಟಿಗೂ ಇರುವ ಸಂಬಂಧ ಬಾಟಲಿಗೂ ಬಿರಡೆಗೂ ಇರುವಂಥದ್ದು. ಕೇಪು ಸಡಿಲ ಆದರೆ, ಬಂದೂಕು ಸ್ವಲ್ಪ ವಾಲಿಸಿದರೂ ಉದುರಿ ಹೋಗುತ್ತೆ. ಬೇಟೆಗಾರ ಪೊದೆ ದಾಟಿ ಹೋಗಿ ಗುರಿ ಇಟ್ಟು ಟ್ರಿಗರ್ ಎಳೆದರೆ ಕುದುರೆ ಬರಿ ಉಕ್ಕಿನ ಮೇಲೆ ಟಕ್ ಅನ್ನುತ್ತೆ, ಅಷ್ಟೇ. ಕೇಪು ಬಿಗಿ ಆದರೆ ಇನ್ನೊಂದು ಮಜಾ. ಅದು ತಳದವರೆಗೆ ಕೂತಿರೋದಿಲ್ಲ, ಸ್ಫೋಟಕಕ್ಕೂ ತೊಟ್ಟಿನ ತುದಿಗೂ ನಡುವೆ ಸ್ವಲ್ಪ ಖಾಲಿ ಉಳಿದಿರುತ್ತೆ. ಕುದುರೆಯ ಮೊದಲ ಪೆಟ್ಟಿನ ಶಕ್ತಿಯೆಲ್ಲ ಕೇಪನ್ನು ಕೆಳಗೆ ಒತ್ತೋದಕ್ಕೇ ಮುಗಿಯುತ್ತೆ. ಗುಂಡು ಹಾರೋದು ಎರಡನೇ ಪೆಟ್ಟಿಗೆ. ಅಷ್ಟೊತ್ತಿಗೆ ಹಂದಿ ಪಕ್ಕದ ಊರಿನ ಹೊಲದಲ್ಲಿರುತ್ತೆ.

ನಂಬರ್ ಒಂದೇ ಇದ್ದರೂ ಹೀಗಾಗುತ್ತಾ ಅಂತ ಕೇಳಿದ್ರು. ಆಗುತ್ತೆ. ಇವತ್ತು ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರೋದು 10 ಮತ್ತು 11ನೇ ನಂಬರಿನ ಕೇಪುಗಳು. ಜೊತೆಗೆ ಹಳೇ ಸೈನ್ಯದ ಬಂದೂಕುಗಳಿಗೆ ಅಂಚು ಹೊರಕ್ಕೆ ಬಾಗಿದ ದೊಡ್ಡ ಕೇಪು. ಹತ್ತಕ್ಕೂ ಹನ್ನೊಂದಕ್ಕೂ ಇರೋ ಅಂತರ ಕಣ್ಣಿಗೆ ಕಾಣೋದಿಲ್ಲ. ಅದರ ಮೇಲೆ, ಒಂದು ಕಂಪನಿಯ 10 ಇನ್ನೊಂದು ಕಂಪನಿಯ 11ರ ಹತ್ತಿರ ಬರುತ್ತೆ. ಚಪ್ಪಲಿ ನಂಬರಿನ ಹಾಗೆ, ಒಂದು ಅಂಗಡಿಯ ಎಂಟು ಇನ್ನೊಂದು ಅಂಗಡಿಯಲ್ಲಿ ಕಾಲಿಗೆ ಹತ್ತೋದಿಲ್ಲ. ತೊಟ್ಟು ಮಾಡುವವರೂ ಒಂದೇ ಅಳತೆ ಇಟ್ಟುಕೊಂಡಿಲ್ಲ. ಹಾಗಾಗಿ ಡಬ್ಬಿಯ ಮೇಲಿನ ನಂಬರು ನೋಡಿ ತಂದರೆ ಸಾಲದು, ಆ ಬಂದೂಕಿನ ತೊಟ್ಟಿಗೆ ಹೊಂದುತ್ತಾ ಅಂತ ನೋಡಬೇಕು. ಸಡಿಲ ಕೇಪನ್ನು ಎರಡು ಬೆರಳಲ್ಲಿ ಹಿಸುಕಿ ಕೂರಿಸೋದು, ಬಿಗಿ ಕೇಪನ್ನು ಗಟ್ಟಿಯಾಗಿ ಒತ್ತೋದು, ಇಂಥ ಜುಗಾಡ್ ಎಲ್ಲ ದೇಶದಲ್ಲೂ ಇದೆ. ಕೈಯಲ್ಲಿರೋದು ಒತ್ತಿದರೆ ಸಿಡಿಯೋ ವಸ್ತು ಅನ್ನೋದು ಮರೆತರೆ ಬೆರಳು ಹೋಗುತ್ತೆ, ಕಣ್ಣೂ ಹೋಗಬಹುದು. ಯಾರೂ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಇಷ್ಟು ತಲೆನೋವಿನ ವಸ್ತು ಬಂದದ್ದಾದರೂ ಯಾಕೆ?

ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಅನ್ನೋ ಊರಲ್ಲಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ ಅಂತ ಒಬ್ಬ ಪಾದ್ರಿ ಇದ್ದ. ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಬಂದೂಕಿನಲ್ಲಿ ಬಟ್ಟಲಿನ ರಂಜಕ ಮೊದಲು ಭಗ್ ಅಂತ ಹೊತ್ತಿಕೊಂಡು, ಆಮೇಲೆ ಗುಂಡು ಹಾರುತ್ತೆ. ಆ ಬೆಳಕು ನೋಡಿದ ಹಕ್ಕಿ ಗುಂಡು ಬರೋದರೊಳಗೆ ಮಂಗಮಾಯ. ಇದರಿಂದ ರೋಸಿಹೋದ ಪಾದ್ರಿ, ಪೆಟ್ಟಿಗೆ ಸಿಡಿಯುವ ಫಲ್ಮಿನೇಟ್ ಅನ್ನೋ ರಾಸಾಯನಿಕ ಬಳಸಿ ಹೊಸ ಯಂತ್ರ ಮಾಡಿದ. ಪೇಟೆಂಟ್ ಸಿಕ್ಕಿದ್ದು 1807ರಲ್ಲಿ. ಅವನನ್ನು ಕರೆಸಿ, ಲಂಡನ್ ಟವರ್‌ನಲ್ಲಿ ಪ್ರಯೋಗ ಮಾಡೋಕೆ ಜಾಗ ಕೊಟ್ಟಿದ್ದು ಆಗಿನ ಶಸ್ತ್ರಾಸ್ತ್ರ ಇಲಾಖೆಯ ಮುಖ್ಯಸ್ಥ ಲಾರ್ಡ್ ಮೊಯ್ರಾ. ನಂತರ ಬಂದ ಅಧಿಕಾರಿ ಪಾದ್ರಿಯನ್ನು ಗಂಟುಮೂಟೆ ಕಟ್ಟಿಸಿ ಹೊರಗೆ ಕಳಿಸಿದ, ಅದು ಬೇರೆ ವಿಷಯ.

ಈ ಲಾರ್ಡ್ ಮೊಯ್ರಾ ಯಾರು ಗೊತ್ತಾ? 1813ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದವನು. ಚರಿತ್ರೆ ಪುಸ್ತಕದಲ್ಲಿ ಅವನ ಹೆಸರು ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್. ಅವನ ಕಾಲದಲ್ಲೇ ಪೇಶ್ವೆಯ ರಾಜ್ಯ ಮುಗಿದದ್ದು, 1818ರಲ್ಲಿ ಥಾಮಸ್ ಮನ್ರೋ ಗದಗ, ಡಂಬಳ, ಬಾದಾಮಿ ಹಿಡಿದದ್ದು, ನರಗುಂದದ ಭಾವೆ ಮನೆತನ ಕಂಪನಿಯ ನೆರಳಿಗೆ ಬಂದದ್ದು. ಕೇಪಿನ ಬಂದೂಕಿನ ಹುಟ್ಟಿಗೆ ಜಾಗ ಕೊಟ್ಟವನೂ ಅವನೇ, ಧಾರವಾಡ ಸೀಮೆಗೆ ಕಂಪನಿ ಸರ್ಕಾರ ತಂದವನೂ ಅವನೇ. ಇದರಲ್ಲಿ ದೊಡ್ಡ ಅರ್ಥ ಏನೂ ಹುಡುಕಬೇಡಿ, ಕಾಕತಾಳೀಯ. ನನಗೆ ಮಾತ್ರ ಇದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಫೋರ್ಸಿತ್ ಮಾಡಿದ್ದು ಬೇರೆ ಥರದ ಯಂತ್ರ. ಟೋಪಿಯ ಆಕಾರದ ಕೇಪು ಬಂದದ್ದು ಅವನ ನಂತರದ ಹತ್ತು ಹದಿನೈದು ವರ್ಷಗಳಲ್ಲಿ. ನಾನೇ ಮೊದಲು ಅಂತ ಹೇಳಿಕೊಂಡವರು ಸುಮಾರು ಜನ. ಅಮೆರಿಕಕ್ಕೆ ಹೋಗಿ ನೆಲೆಸಿದ ಇಂಗ್ಲಿಷ್ ಚಿತ್ರಕಾರ ಜೋಶುವಾ ಶಾ 1822ರಲ್ಲಿ ಅಲ್ಲಿ ಪೇಟೆಂಟ್ ಪಡೆದ. ಬ್ರಿಟಿಷ್ ಸೈನ್ಯ ಮಾತ್ರ ಎಮ್ಮೆಯ ಹಾಗೆ ನಿಧಾನ. 1834ರಲ್ಲಿ ವುಲಿಚ್‌ನಲ್ಲಿ ಪರೀಕ್ಷೆ ಮಾಡಿದರು. ಚಕಮಕಿ ಬಂದೂಕುಗಳಿಂದ 6000 ಸಲ ಹಾರಿಸಿದರೆ 922 ಸಲ ಹುಸಿ ಹೋಯಿತು. ಕೇಪಿನ ಬಂದೂಕುಗಳಲ್ಲಿ ಅದೇ 6000ಕ್ಕೆ ಹುಸಿ ಹೋಗಿದ್ದು 36. ಯುದ್ಧದಲ್ಲಿ ಎದುರಿಗೆ ನಿಂತವನ ಮೇಲೆ ಟ್ರಿಗರ್ ಎಳೆದಾಗ, ಆರೇಳು ಸಲಕ್ಕೆ ಒಂದು ಸಲ ಬರೀ ಟಕ್ ಅನ್ನೋದಕ್ಕೂ, ನೂರಾ ಅರವತ್ತು ಚಿಲ್ಲರೆಗೆ ಒಂದು ಸಲ ಟಕ್ ಅನ್ನೋದಕ್ಕೂ ವ್ಯತ್ಯಾಸ ನೀವೇ ಲೆಕ್ಕ ಹಾಕಿ.

ಮಳೆ ಬಂದರೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಇದಕ್ಕೆ ಬೆಲೆ ತೆತ್ತವರು ನಮ್ಮ ದಕ್ಷಿಣದ ಸಿಪಾಯಿಗಳು. 1841ರ ಮೇ 30, ಚೀನಾದ ಕ್ಯಾಂಟನ್ ಊರಾಚೆ, ಮೊದಲನೇ ಅಫೀಮು ಯುದ್ಧ. ಮದ್ರಾಸ್ ಸೈನ್ಯದ 37ನೇ ಪಲ್ಟಣಿನ ಒಂದು ತುಕಡಿ ಬಿರುಮಳೆಯಲ್ಲಿ ದಾರಿ ತಪ್ಪಿ ಗದ್ದೆಗಳ ನಡುವೆ ಸಿಕ್ಕಿಬಿತ್ತು. ಸುತ್ತ ಸಾವಿರಾರು ಹಳ್ಳಿಗರು, ಕೈಯಲ್ಲಿ ಈಟಿ, ಕೊಕ್ಕೆ. ಸಿಪಾಯಿಗಳ ಕೈಯಲ್ಲಿ ಇದ್ದದ್ದು ಚಕಮಕಿ ಬಂದೂಕು. ರಂಜಕ ನೆನೆದು ಮುದ್ದೆ. ಹಾರಲೊಲ್ಲದು. ಕೊನೆಗೆ ಅವರನ್ನು ಬಿಡಿಸಿ ತಂದದ್ದು ಕೇಪಿನ ಬಂದೂಕು ಹಿಡಿದಿದ್ದ ನೌಕಾದಳದ ಸೈನಿಕರು. ಸುರಿಯೋ ಮಳೆಯಲ್ಲೂ ಅವರ ಬಂದೂಕು ಮಾತಾಡಿತು. ಬಂಗಾಳ, ಮದ್ರಾಸ್, ಮುಂಬೈ ಮೂರೂ ಸೈನ್ಯಗಳಿಗೆ ಕೇಪಿನ ಬಂದೂಕು ಬಂದದ್ದು ಆ ನಂತರದ ವರ್ಷಗಳಲ್ಲಿ. 1850ರ ದಶಕದ ಎನ್‌ಫೀಲ್ಡ್ ಕೂಡ ಕೇಪಿನದೇ.

ಇಲ್ಲಿವರೆಗೆ ಕೇಳಿದರೆ ಇದು ಒಳ್ಳೇ ಸುಧಾರಣೆಯ ಕಥೆ. ಆದರೆ ಇನ್ನೊಂದು ಕಡೆಯಿಂದ ನೋಡ್ರಿ.

ಬತ್ತಿ ಬಂದೂಕಿಗೆ ಏನು ಬೇಕು? ಹತ್ತಿ ಹುರಿ ನಮ್ಮ ಹೊಲದ್ದು. ರೋಣ, ನರಗುಂದದ ಎರೆ ಭೂಮಿ ಅಂದರೆ ಹತ್ತಿಯ ತವರು. ಇದ್ದಿಲು ಮನೆಯಲ್ಲೇ. ಪೆಟ್ಲುಪ್ಪು ಮಣ್ಣಿನಿಂದ ತೆಗೆಯುವ ವಿದ್ಯೆ ದೇಶದ ತುಂಬ ಇತ್ತು. ಗಂಧಕ ಮಾತ್ರ ಪೇಟೆಯಿಂದ ತರಬೇಕು. ನಳಿಗೆಯನ್ನು ಕಮ್ಮಾರ ಬಡಿದು ಕೊಡುತ್ತಿದ್ದ. ಅಂದರೆ ಒಂದು ಊರು, ಹತ್ತಿರದ ಒಂದು ಸಂತೆ, ಇಷ್ಟರಲ್ಲಿ ಬಂದೂಕು ಬದುಕುತ್ತಿತ್ತು. ಕೇಪಿಗೆ? ಕಾಗದದಷ್ಟು ತೆಳುವಾದ ತಾಮ್ರದ ತಗಡು, ಒಂದರ ಹಾಗೆ ಇನ್ನೊಂದು ಇರುವಂತೆ ಕತ್ತರಿಸಿ ಮಡಚುವ ಅಚ್ಚಿನ ಯಂತ್ರ, ಪಾದರಸದಿಂದ ಮಾಡುವ, ಮಾಡುವವನನ್ನೇ ಕೊಲ್ಲಬಲ್ಲ ಸ್ಫೋಟಕ. ಇದು ಕಮ್ಮಾರನ ಕುಲುಮೆಯ ಕೆಲಸ ಅಲ್ಲ, ಕಾರ್ಖಾನೆಯ ಕೆಲಸ. ತೊಟ್ಟಿಗೂ ಕೇಪಿಗೂ ಕೂದಲೆಳೆಯ ವ್ಯತ್ಯಾಸ ಬಂದರೂ ನಡೆಯೋದಿಲ್ಲ ಅಂದೆನಲ್ಲ, ಅದರ ಪರಿಣಾಮ ಇದು. ಬಂದೂಕು ನಿಮ್ಮ ಮನೆಯಲ್ಲಿರಬಹುದು. ಅದರ ಜೀವ ಬೇರೆಯವರ ಗೋದಾಮಿನಲ್ಲಿರುತ್ತೆ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯಲ್ಲಿ ಇತ್ತಲ್ಲ, ಹಾಗೆ.

1857ರಲ್ಲಿ ಉತ್ತರದ ಸಿಪಾಯಿಗಳಿಗೆ ಇದು ಕಷ್ಟಪಟ್ಟು ಗೊತ್ತಾಯಿತು. ದಂಗೆ ಎದ್ದಾಗ ಅವರ ಹೆಗಲ ಮೇಲೆ ಕಂಪನಿಯದೇ ಬಂದೂಕುಗಳಿದ್ದವು. ಮದ್ದು ಅರೆಯುವವರು ಸಿಕ್ಕರು, ಗುಂಡು ಎರಕ ಹೊಯ್ಯುವವರು ಸಿಕ್ಕರು. ಕೇಪು ಖಾಲಿಯಾಗುತ್ತಾ ಬಂತು. ದಂಗೆಕೋರರ ಬಳಿ ಕೇಪಿಲ್ಲ ಅನ್ನೋ ಮಾತು ಆ ಕಾಲದ ಬ್ರಿಟಿಷ್ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಹೊಸ ಬಂದೂಕು ಹಿಡಿದವನು ಹಳೇ ಬತ್ತಿಯ ಕಡೆ ತಿರುಗಬೇಕಾಯಿತು.

ಕೇಪು ಎಷ್ಟು ಸುಲಭವಾಗಿ ಕಳೆದುಹೋಗುತ್ತೆ ಅನ್ನೋದಕ್ಕೆ ಒಂದು ಲೆಕ್ಕ ಕೊಡ್ತೀನಿ. ಇದಾದ ಮೂರ್ನಾಲ್ಕು ವರ್ಷಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಸೈನಿಕರಿಗೆ ಹತ್ತು ತೋಟಾದ ಪೊಟ್ಟಣದ ಜೊತೆ 12 ಕೇಪು ಕೊಡುತ್ತಿದ್ದರು. ಎರಡು ಹೆಚ್ಚಿಗೆ ಯಾಕೆ? ನಡುಗುವ ಬೆರಳಿಂದ ಜಾರಿ ಬೀಳುತ್ತವೆ ಅಂತ ಗೊತ್ತಿತ್ತು. ಗೋದಾಮು ಇದ್ದವರಿಗೆ ಎರಡು ಬಿದ್ದರೆ ಚಿಂತೆ ಇಲ್ಲ.

ಈಗ ನಮ್ಮ ಸೀಮೆಗೆ ಬರೋಣ. 1857ರಲ್ಲೇ ಕಂಪನಿ ಸರ್ಕಾರ ಒಂದು ಕಾಯ್ದೆ ತಂತು. ಆ ವರ್ಷದ 28ನೇ ಕಾಯ್ದೆ. ಆಯುಧ ತರಿಸೋದು, ಮಾಡೋದು, ಮಾರೋದು, ಇಟ್ಟುಕೊಳ್ಳೋದು, ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕು. ನಾವು ನಿಶ್ಶಸ್ತ್ರೀಕರಣ ಕಾಯ್ದೆ ಅಂತ ಓದಿದ್ದು ಇದನ್ನೇ. ಆಯುಧ ಒಪ್ಪಿಸುವ ಹುಕುಂ ಮುಧೋಳ ಸಂಸ್ಥಾನದ ಹಲಗಲಿಗೂ ಮುಟ್ಟಿತು. ಮುಂದಿನದು ನಿಮಗೆ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಗೊತ್ತು. ಬೇಡರು ಹತಾರ ಕೊಡಲಿಲ್ಲ. ಬೇಟೆಯೇ ಬದುಕಾದ ಜನಕ್ಕೆ ಹತಾರ ಅಂದರೆ ಕೂಳು, ಮರ್ಯಾದೆ ಎರಡೂ. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. ಮುಧೋಳದಲ್ಲಿ 13, ಹಲಗಲಿಯಲ್ಲೇ 6. ಆ ಕಥೆ ಲಾವಣಿಯಾಗಿ ಉಳಿಯಿತು. ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ, ಶಾಸನಗಳ ಫ್ಲೀಟ್.

ಹಲಗಲಿ ನೋಡಿದ ಮೇಲೆ ನರಗುಂದ ನೋಡಬೇಕು. ಈ ಗುಡ್ಡಕ್ಕೆ ಮುತ್ತಿಗೆ ಹೊಸದಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ವೆಂಕಟರಾವ್ ಭಾವೆಯನ್ನೂ ಅವನ ಕಾರಭಾರಿ ಕಾಳೋಪಂತ ಪೇಠೆಯನ್ನೂ ಇಲ್ಲೇ ಮುತ್ತಿ ಹಿಡಿದಿತ್ತು. ಅದರಿಂದ ಹೊತ್ತಿದ ಯುದ್ಧ ಮುಗಿದದ್ದು 1787ರಲ್ಲಿ, ನಮ್ಮ ಕೇಳುಗರ ಊರಾದ ಗಜೇಂದ್ರಗಡದ ಒಪ್ಪಂದದಲ್ಲಿ. ಆಗ ಎರಡೂ ಕಡೆಯ ಕೈಯಲ್ಲಿದ್ದದ್ದು ಬತ್ತಿ ಮತ್ತು ಚಕಮಕಿ. ಒಬ್ಬರ ಬಳಿ ಜನ ಹೆಚ್ಚಿರಬಹುದು, ತೋಪು ಹೆಚ್ಚಿರಬಹುದು. ಆದರೆ ಮಳೆ ಬಂದರೆ ಇಬ್ಬರ ರಂಜಕವೂ ನೆನೆಯುತ್ತಿತ್ತು.

1858ರಲ್ಲಿ ಗುಡ್ಡದ ಮೇಲೆ ಇದ್ದವನು ಭಾಸ್ಕರರಾವ್ ಭಾವೆ, ಜನ ಕರೆಯೋದು ಬಾಬಾಸಾಹೇಬ. ಓದಿಕೊಂಡವನು, ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಇತ್ತು. ಮಕ್ಕಳಿಲ್ಲ, ದತ್ತು ತೆಗೆದುಕೊಳ್ಳೋಕೆ ಕಂಪನಿ ಒಪ್ಪಲಿಲ್ಲ. ಅದರ ಮೇಲೆ ತೋಪು, ಮದ್ದು ಒಪ್ಪಿಸುವ ಒತ್ತಾಯ. ಮೇ ಕೊನೆಯಲ್ಲಿ ಮುಂಡರಗಿ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆ ಹಿಡಿದ. ಇತ್ತ ನರಗುಂದವೂ ಎದ್ದಿತು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನ ಕೆಲಸ ನೋಡುತ್ತಿದ್ದ ಚಾರ್ಲ್ಸ್ ಮ್ಯಾನ್ಸನ್, ಮಾತಾಡಿ ಸರಿಮಾಡಬಹುದು ಅಂದುಕೊಂಡು, ಬೆರಳೆಣಿಕೆಯ ಸವಾರರ ಜೊತೆ ರಾಮದುರ್ಗದಿಂದ ನರಗುಂದದ ಕಡೆ ಹೊರಟ. 29ರ ರಾತ್ರಿ ಸುರೇಬಾನದಲ್ಲಿ ಬಿಡಾರ. ಪಲ್ಲಕ್ಕಿಯಲ್ಲಿ ಮಲಗಿದ್ದಾಗ ಬಾಬಾಸಾಹೇಬನ ಜನ ಮೇಲೆ ಬಿದ್ದರು.

ಮ್ಯಾನ್ಸನ್ ಎದ್ದು ರಿವಾಲ್ವರಿನಿಂದ ಒಬ್ಬನನ್ನು ಗಾಯಗೊಳಿಸಿದ ಅಂತ ಬ್ರಿಟಿಷ್ ಬರಹಗಳು ಹೇಳುತ್ತವೆ. ಆ ಕಾಲದಲ್ಲಿ ಇಂಗ್ಲಿಷ್ ಅಧಿಕಾರಿಗಳ ಸೊಂಟದಲ್ಲಿದ್ದ ರಿವಾಲ್ವರುಗಳು ಬಹುತೇಕ ಕೇಪಿನವು. ಸುತ್ತುವ ಗಾಲಿಯಲ್ಲಿ ಐದೋ ಆರೋ ಮನೆ, ಒಂದೊಂದು ಮನೆಯ ಹಿಂದೆ ಒಂದೊಂದು ತೊಟ್ಟು, ಒಂದೊಂದಕ್ಕೂ ಒಂದೊಂದು ಕೇಪು. ಜಗತ್ತಿನ ಹೊಸ ಆಯುಧ. ಆ ರಾತ್ರಿ ಅದು ಅವನನ್ನು ಉಳಿಸಲಿಲ್ಲ. ಕತ್ತಿ ಹಿಡಿದವರು ಹತ್ತಿರ ಬಂದಾಗಿತ್ತು. ಮ್ಯಾನ್ಸನ್‌ನ ತಲೆ ನರಗುಂದದ ಅಗಸಿಯ ಮೇಲೆ ಕಂಡಿತು. ಕೇಪು ಇದ್ದವನೇ ಗೆಲ್ಲುತ್ತಾನೆ ಅಂತ ನಾನು ಹೇಳ್ತಿದ್ದೀನಿ ಅಂದುಕೊಂಡಿದ್ದರೆ, ಸುರೇಬಾನ ನೆನಪಿಟ್ಟುಕೊಳ್ಳಿ.

ಆದರೆ ಒಂದು ರಾತ್ರಿಯ ದಾಳಿ ಬೇರೆ, ಕೋಟೆ ಉಳಿಸಿಕೊಳ್ಳೋದು ಬೇರೆ. ಜೂನ್ 1ಕ್ಕೆ ಮಾಲ್ಕಮ್ ನರಗುಂದಕ್ಕೆ ಬಂದ. ಅದೇ ಹಲಗಲಿಯ ಮಾಲ್ಕಮ್. ಬಯಲಿನಲ್ಲಿ ಕಾದಾಟ, ಸಂಜೆಗೆ ಪೇಟೆ ಹೋಯಿತು. 2ನೇ ತಾರೀಖು ಹತ್ತಿ ನೋಡಿದರೆ ಕೋಟೆ ಖಾಲಿ. ಕೊಪ್ಪಳದಲ್ಲಿ ಭೀಮರಾಯ ಜೂನ್ 1ರಂದೇ ಬಿದ್ದಿದ್ದ. ಬಾಬಾಸಾಹೇಬ ತೊರಗಲ್ಲಿನ ಕಡೆ ಕಾಡಲ್ಲಿ ಸಿಕ್ಕಿಬಿದ್ದ. ಜೂನ್ 12, ಬೆಳಗಾವಿ, ಗಲ್ಲು. ಮ್ಯಾನ್ಸನ್ ಸತ್ತ ದಿನದಿಂದ ಲೆಕ್ಕ ಹಾಕಿದರೆ ಬರೀ ಎರಡು ವಾರ.

ಕೇಪಿಲ್ಲದ್ದಕ್ಕೇ ನರಗುಂದ ಸೋತಿತು ಅಂತ ಹೇಳಿದರೆ ಅದು ಸುಳ್ಳಾಗುತ್ತೆ. ಅಕ್ಕಪಕ್ಕದ ಸಂಸ್ಥಾನಗಳು ಕೈಕೊಟ್ಟವು, ಎಲ್ಲರೂ ಒಟ್ಟಿಗೆ ಏಳಲಿಲ್ಲ, ಸಮಯ ತಪ್ಪಿತು. ಆದರೆ ಒಂದು ವೇಳೆ ಆ ಬಂಡಾಯ ಎರಡು ವಾರದ ಬದಲು ಎರಡು ವರ್ಷ ನಡೆದಿದ್ದರೂ, ಉತ್ತರದ ಸಿಪಾಯಿಗಳಿಗೆ ಎದುರಾದ ಗೋಡೆ ಇಲ್ಲೂ ಎದುರಾಗುತ್ತಿತ್ತು. ಕಂಪನಿಯ ಬಂದೂಕನ್ನು ಕಸಿದುಕೊಳ್ಳಬಹುದಿತ್ತು, ಅದರ ಕೇಪನ್ನು ಇಲ್ಲಿ ಮಾಡಿಕೊಳ್ಳಲು ಆಗುತ್ತಿರಲಿಲ್ಲ.

ಸರ್ಕಾರಕ್ಕೆ ಈ ವಿಷಯ ಚೆನ್ನಾಗಿ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ, ಇಪ್ಪತ್ತು ವರ್ಷದ ನಂತರ ಲಾರ್ಡ್ ಲಿಟ್ಟನ್ ಕಾಲದಲ್ಲಿ ಬಂದ 1878ರ ಆಯುಧ ಕಾಯ್ದೆ. ಅದರಲ್ಲಿ ಮದ್ದುಗುಂಡು ಅಂದರೆ ಏನೇನು ಅಂತ ಒಂದು ಪಟ್ಟಿ ಇದೆ. ಬೇಜಾರಿನ ಸರ್ಕಾರಿ ಪಟ್ಟಿ, ಆದರೆ ನಿಧಾನಕ್ಕೆ ಓದಿ. ಬಂದೂಕಿನ ಚಕಮಕಿ ಕಲ್ಲು ಇದೆ. ಕೇಪು ಇದೆ. ಯಾವುದನ್ನು ಬಿಟ್ಟಿದ್ದಾರೆ ಗೊತ್ತಾ? ಸೀಸ, ಗಂಧಕ, ಪೆಟ್ಲುಪ್ಪು. ಈ ಮೂರನ್ನು ಮದ್ದುಗುಂಡಿನ ಅರ್ಥದೊಳಗೆ ಸೇರಿಸಿಲ್ಲ ಅಂತ ಹೆಸರು ಹೇಳಿಯೇ ಬರೆದಿದ್ದಾರೆ. ನಾಲ್ಕು ಕೆಲಸಕ್ಕೆ ಬರುವ ಕಚ್ಚಾ ಸಾಮಾನು ಒಂದು ಕಡೆ, ಬಂದೂಕಿಗಲ್ಲದೆ ಬೇರೆ ಯಾವುದಕ್ಕೂ ಬೇಡದ ಕೇಪು ಇನ್ನೊಂದು ಕಡೆ.

ಇದೇ ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ಬೇರೆಯೇ ನಡೆಯುತ್ತಿತ್ತು. ಕೊಡಗು. 1857ರಲ್ಲಿ ಕೊಡವರು ಕಂಪನಿಯ ವಿರುದ್ಧ ಏಳಲಿಲ್ಲ. 1861ರಲ್ಲಿ ಅವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಿಕ್ಕಿತು. ಹಲಗಲಿಯಲ್ಲಿ ಆಯುಧ ಕೊಡಲ್ಲ ಅಂದವರಿಗೆ ಗಲ್ಲು, ಮೂರು ವರ್ಷ ಚಿಲ್ಲರೆ ಕಳೆದ ಮೇಲೆ ಮಡಿಕೇರಿಯಲ್ಲಿ "ನಿಮ್ಮ ಕೋವಿ ನೀವೇ ಇಟ್ಟುಕೊಳ್ಳಿ". ಕೊಡವರನ್ನು ದೂರಲು ಇದನ್ನು ಹೇಳ್ತಿಲ್ಲ. ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು, ಕೈಲ್‌ಪೊಳ್ದ್ ಬಂದರೆ ಕೋವಿಗೆ ಹೂವು. ಕೋವಿ ಅಲ್ಲಿ ಮನೆಯ ಸದಸ್ಯ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಾನು ಕೇಳೋದು ಇಷ್ಟೇ: ಬೇಟೆ, ಕೋವಿ, ಮರ್ಯಾದೆ ಎರಡೂ ಕಡೆ ಒಂದೇ ಆಗಿದ್ದಾಗ, ಒಬ್ಬರ ಸಂಸ್ಕೃತಿ ಹಕ್ಕಾಯಿತು, ಇನ್ನೊಬ್ಬರದು ಅಪರಾಧ ಆಯಿತು. ಹಾಗೆ ಮಾಡಿದ್ದು ನಿಷ್ಠೆಯ ಲೆಕ್ಕ. ಆ ಲೆಕ್ಕ ಬರೆದವರು ಹೋಗಿ ಎಷ್ಟು ವರ್ಷ ಆಯಿತು?

ನಮ್ಮ ಗಜೇಂದ್ರಗಡದ ಕೇಳುಗರಿಗೆ ಅಂಥ ವಿನಾಯಿತಿ ಇಲ್ಲ. ಅವರಪ್ಪನಿಗೆ ಲೈಸೆನ್ಸ್ ಬೇಕು, ಅದು ಇದೆ. ಇಲ್ಲೊಂದು ತಪ್ಪು ತಿಳಿವಳಿಕೆ ಸರಿಮಾಡಿಬಿಡ್ತೀನಿ, ಯಾಕಂದ್ರೆ ತುಂಬಾ ಜನ ಕೇಳ್ತಾರೆ. "ಮುತ್ಯಾನ ಕಾಲದ್ದು, ಆಂಟಿಕ್ ಪೀಸು, ಲೈಸೆನ್ಸ್ ಯಾಕೆ?" ಅಂತ. 1959ರ ಆಯುಧ ಕಾಯ್ದೆಯಲ್ಲಿ ಹಳೇ ಮಾದರಿಯ ಆಯುಧಕ್ಕೆ ರಿಯಾಯಿತಿ ಇರೋದು ನಿಜ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರದಂಥ ಸ್ಥಿತಿಯಲ್ಲಿ ಇದ್ದರೆ ಮಾತ್ರ. ಹಾರುತ್ತೆ ಅಂದರೆ ಅದು ಬಂದೂಕೇ, ನೂರು ವರ್ಷ ಹಳೆಯದಾದರೂ. ಸಿಡಿಯುವ ಸ್ಫೋಟಕ ಹೊತ್ತ ಕೇಪೂ ಇವತ್ತಿಗೂ ಮದ್ದುಗುಂಡಿನ ಲೆಕ್ಕವೇ. ಲೈಸೆನ್ಸ್ ಇದ್ದವರು, ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಬೇಕು.

ಅವರಿಗೆ ನಾನು ಹೇಳಿದ್ದು ಒಂದೇ. ಕೇಪು ಮುಟ್ಟಬೇಡಿ, ಬಂದೂಕು ಖಾಲಿ ಇದೆಯಾ ಅಂತ ಅಪ್ಪನಿಂದಲೇ ಖಚಿತ ಮಾಡಿಸಿ, ತೊಟ್ಟಿನ ಒಂದು ಫೋಟೋ ತೆಗೆದು ಕಳಿಸಿ.

ಫೋಟೋ ಬಂತು. ಝೂಮ್ ಮಾಡಿ ನೋಡಿದೆ. ಬಡಗಿಯ ಹಳೇ ಉಳಿಯ ತಲೆ ನೋಡಿದ್ದೀರಾ? ಸುತ್ತಿಗೆ ಏಟು ತಿಂದು ತಿಂದು ಅಣಬೆಯ ಹಾಗೆ ಅಂಚು ಹರಡಿಕೊಂಡಿರುತ್ತೆ. ತೊಟ್ಟಿನ ಬಾಯಿ ಹಾಗೇ ಆಗಿತ್ತು. ಕೇಪಿನ ನಂಬರ್ ಮಾತ್ರ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ತುದಿ ಅಗಲವಾಗಿದೆ, ಟೋಪಿ ಇಳಿಯೋದಿಲ್ಲ. ಕೇಪಿಲ್ಲದ ಖಾಲಿ ತೊಟ್ಟಿನ ಮೇಲೆ ಕುದುರೆಯನ್ನು ಸುಮ್ಮಸುಮ್ಮನೆ ಬಡಿದರೆ ಹೀಗಾಗುತ್ತೆ. ಯಾರು ಬಡಿದಿರಬಹುದು ಅಂತ ಕೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ನಗುವಿನ ಜೊತೆ ಇನ್ನೊಂದು ವಾಯ್ಸ್ ಮೆಸೇಜ್.

"ವರ್ಷಾ ಖಂಡೆಪೂಜಿಗೆ ಹೊರಗ ತಗೀತಾರ್ರಿ. ಪೂಜಿ ಆದಮ್ಯಾಲ ನಾವು ಹುಡುಗರೆಲ್ಲಾ ಪಾಳಿ ಹಚ್ಚಿ ಟಕ್ ಟಕ್ ಅನಸ್ತಿದ್ವಿ. ನಂದ ಜಾಸ್ತಿ ಇರಬೇಕು. ಅಪ್ಪ ಈಗ ಪ್ಯಾಟಿಗೆ ಹೊಂಟಾರ, ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯಾಗ ಹೊಸಾ ತೊಟ್ಟು ಕೇಳ್ತಾರಂತ. ಅವರಿಗೆ ಮಾತ್ರ ಇದು ಹೇಳಬ್ಯಾಡ್ರಿ."